ಭಾಷಾವಿಜ್ಞಾನದಲ್ಲಿ ಸ್ನಾತಕೋತ್ತರ ಅಧ್ಯಯನ: ಮುಂಬಯಿ ಕನ್ನಡಿಗರ ಮಕ್ಕಳಿಗೆ ತೆರೆದಿರುವ ದಾರಿಗಳು

ಪದವಿ ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ಮುಂಬಯಿಯ ಕನ್ನಡ ಮನೆಗಳಲ್ಲಿ ಚರ್ಚೆಗೆ ಬರುವ ಮುಂದಿನ ಓದಿನ ಹೆಸರುಗಳು ಬಹುಮಟ್ಟಿಗೆ ನಿಶ್ಚಿತವಾದವು. ಲೆಕ್ಕಪರಿಶೋಧನೆ, ವ್ಯವಹಾರ ನಿರ್ವಹಣೆ, ಕಾನೂನು, ಗಣಕ ವಿಜ್ಞಾನ ಇವುಗಳನ್ನು ದಾಟಿ ಮಾತು ಮುಂದೆ ಹೋಗುವುದು ಅಪರೂಪ. ಆ ಪಟ್ಟಿಯಲ್ಲಿ ಭಾಷಾವಿಜ್ಞಾನಕ್ಕೆ ಇನ್ನೂ ಸ್ಥಾನ ದೊರೆತಂತಿಲ್ಲ. ಯಾರಾದರೊಬ್ಬ ವಿದ್ಯಾರ್ಥಿ ಅಥವಾ ವಿದ್ಯಾರ್ಥಿನಿ ಆ ಹೆಸರನ್ನು ಎತ್ತಿದರೆ ಹಿರಿಯರಿಂದ ಎರಡು ಪ್ರಶ್ನೆಗಳು ಎದುರಾಗುತ್ತವೆ: ಅದು ಯಾವ ಭಾಷೆಯ ಎಂ.ಎ.? ಅದನ್ನು ಓದಿದರೆ ಜೀವನ ನಡೆಯುತ್ತದೆಯೇ? ಎರಡೂ ನ್ಯಾಯವಾದ ಪ್ರಶ್ನೆಗಳೇ. ಮುಂಬಯಿ ಮತ್ತು ಉಪನಗರಗಳಲ್ಲಿ ನೆಲೆಸಿರುವ ನಮ್ಮ ಪಾಲಕರಿಗೂ ವಿದ್ಯಾರ್ಥಿಗಳಿಗೂ ಉಪಯೋಗವಾಗಲೆಂದು ಈ ಎರಡು ಪ್ರಶ್ನೆಗಳಿಗೆ ಇಲ್ಲಿ ಸಾಧ್ಯವಾದಷ್ಟು ಸ್ಪಷ್ಟವಾದ ಉತ್ತರವನ್ನು ನೀಡಲು ಯತ್ನಿಸಲಾಗಿದೆ.

ಭಾಷಾವಿಜ್ಞಾನ ಎಂದರೇನು?

ಮೊದಲನೆಯ ಪ್ರಶ್ನೆಗೆ ಉತ್ತರ ಸರಳವಾಗಿದೆ. ಇದು ಯಾವುದೇ ಒಂದು ಭಾಷೆಯ ಎಂ.ಎ. ಅಲ್ಲ. ಕನ್ನಡ ಎಂ.ಎ. ವಿದ್ಯಾರ್ಥಿ ಪಂಪನನ್ನೂ ಬಸವಣ್ಣನನ್ನೂ ಬೇಂದ್ರೆಯವರನ್ನೂ ಓದುತ್ತಾನೆ. ಭಾಷಾವಿಜ್ಞಾನದ ವಿದ್ಯಾರ್ಥಿಯು ಮನುಷ್ಯನ ಮಾತು ಎಂಬ ವ್ಯವಸ್ಥೆಯನ್ನೇ ಅಧ್ಯಯನದ ವಸ್ತುವಾಗಿ ತೆಗೆದುಕೊಳ್ಳುತ್ತಾನೆ. ನಾಲಿಗೆ, ತುಟಿ, ಗಂಟಲುಗಳಲ್ಲಿ ಧ್ವನಿ ಹೇಗೆ ಹುಟ್ಟುತ್ತದೆ, ಧ್ವನಿಗಳು ಸೇರಿ ಪದವಾಗುವ ನಿಯಮಗಳೇನು, ಪದಗಳು ವಾಕ್ಯವಾಗುವಾಗ ಯಾವ ಕ್ರಮವನ್ನು ಅನುಸರಿಸುತ್ತವೆ, ಮಗುವು ಎರಡು ಮೂರು ವರ್ಷಗಳಲ್ಲಿ ಈ ಜಟಿಲ ವ್ಯವಸ್ಥೆಯನ್ನು ಹೇಗೆ ವಶಪಡಿಸಿಕೊಳ್ಳುತ್ತದೆ, ಭಾಷೆಗಳು ಕಾಲಕ್ರಮದಲ್ಲಿ ಹೇಗೆ ಬದಲಾಗುತ್ತವೆ ಎಂಬುವು ಅದರ ಮೂಲ ಪ್ರಶ್ನೆಗಳು. ಅನೇಕ ಭಾಷೆಗಳನ್ನು ಬಲ್ಲವನು ಬಹುಭಾಷಿಕ. ಭಾಷೆಗಳ ಒಳರಚನೆಯನ್ನು ಬಲ್ಲವನು ಭಾಷಾವಿಜ್ಞಾನಿ. ಎರಡೂ ಒಂದೇ ಅಲ್ಲವಾದರೂ ಮೊದಲನೆಯದು ಎರಡನೆಯದಕ್ಕೆ ಅಮೂಲ್ಯವಾದ ಸಂಪತ್ತು.

ನಮ್ಮ ಮನೆಗಳಿಂದಲೇ ಒಂದು ಉದಾಹರಣೆಯನ್ನು ನೋಡಬಹುದು. ಕನ್ನಡದಲ್ಲಿ "ನಾವು" ಎಂದಾಗ ಎದುರಿಗಿರುವ ಕೇಳುಗನೂ ಅದರಲ್ಲಿ ಸೇರಿದ್ದಾನೆಯೇ ಇಲ್ಲವೇ ಎಂಬುದು ಆ ಪದದಿಂದ ತಿಳಿಯುವುದಿಲ್ಲ. ತುಳುವಿನಲ್ಲಿ ಈ ಸಂದಿಗ್ಧವಿಲ್ಲ. ಕೇಳುಗನನ್ನು ಸೇರಿಸಿಕೊಂಡರೆ "ನಮ", ಬಿಟ್ಟರೆ "ಎಂಕುಲು". ಮರಾಠಿಯಲ್ಲಿಯೂ ಇದೇ ಭೇದವಿದೆ: ಸೇರಿಸಿಕೊಂಡರೆ "ಆಪಣ", ಬಿಟ್ಟರೆ "ಆಮ್ಹೀ". ತುಳು ದ್ರಾವಿಡ ವರ್ಗದ ಭಾಷೆ, ಮರಾಠಿ ಇಂಡೋ-ಆರ್ಯನ್ ವರ್ಗದ್ದು. ಮೂಲತಃ ಸಂಬಂಧವಿಲ್ಲದ ಎರಡು ಕುಟುಂಬಗಳ ಭಾಷೆಗಳಲ್ಲಿ ಒಂದೇ ಬಗೆಯ ಸೂಕ್ಷ್ಮ ಭೇದ ಕಾಣಿಸಿಕೊಳ್ಳುವುದು ಹೇಗೆ? ಶತಮಾನಗಳ ನೆರೆಹೊರೆಯ ಬದುಕಿನಿಂದ ಭಾಷೆಗಳು ಪರಸ್ಪರ ರೂಪಿಸಲ್ಪಡುತ್ತವೆ ಎಂಬ ವಿಚಾರವನ್ನು ಅಮೆರಿಕದ ವಿದ್ವಾಂಸ ಎಮೆನೋ ಅವರು 1956ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಮಂಡಿಸಿ, ಭಾರತವನ್ನು ಒಂದು ಭಾಷಿಕ ವಲಯವೆಂದು ಕರೆದರು. ತುಳುವನ್ನು ಮನೆಯಲ್ಲಿಯೂ ಮರಾಠಿಯನ್ನು ಬೀದಿಯಲ್ಲಿಯೂ ಆಡುವ ಭಾಂಡುಪ್ ಅಥವಾ ಡೊಂಬಿವಲಿಯ ಬಾಲಕನೊಬ್ಬನು ಈ ಭೇದವನ್ನು ದಿನವೂ ತಪ್ಪಿಲ್ಲದೆ ಪಾಲಿಸುತ್ತಾನೆ. ತಾನು ಪಾಲಿಸುತ್ತಿರುವುದು ಏನೆಂಬುದನ್ನು ಅವನಿಗೆ ತಿಳಿಸಿಕೊಡುವುದೇ ಭಾಷಾವಿಜ್ಞಾನ.

ಇನ್ನೊಂದು ಉದಾಹರಣೆ. ಹಳಗನ್ನಡದ ಪುಲಿ, ಪೂ, ಪೆಸರ್ ಎಂಬ ಪದಗಳು ಇಂದು ಹುಲಿ, ಹೂ, ಹೆಸರು ಆಗಿವೆ. ಪಕಾರವು ಹಕಾರವಾಗುವ ಈ ಬದಲಾವಣೆ ಹತ್ತನೆಯ ಶತಮಾನದಿಂದೀಚೆಗೆ ಶಾಸನಗಳಲ್ಲಿ ಕಾಣಿಸಿಕೊಂಡು ಕ್ರಮೇಣ ವ್ಯಾಪಿಸಿತು. ತುಳುವಿನಲ್ಲಿ ಇಂದಿಗೂ ಪಿಲಿ, ಪೂ, ಪುದರ್ ಎಂದೇ ಹೇಳುತ್ತಾರೆ. ತರಗತಿಯಲ್ಲಿ ಈ ನಿಯಮವನ್ನು ಇತರ ವಿದ್ಯಾರ್ಥಿಗಳು ಪುಸ್ತಕದಿಂದ ಕಲಿಯಬೇಕಾದರೆ, ತುಳುವನ್ನೂ ಕನ್ನಡವನ್ನೂ ಬಲ್ಲ ವಿದ್ಯಾರ್ಥಿಗೆ ಅಜ್ಜಿಯ ಮಾತೇ ಸಾಕ್ಷಿಯಾಗಿ ನಿಲ್ಲುತ್ತದೆ.

ಗಡಿಯ ಒಂದು ಊರು ಲೋಕಕ್ಕೆ ಕಲಿಸಿದ ಪಾಠ

ಕನ್ನಡ-ಮರಾಠಿಗಳ ಸಹವಾಸವು ಜಾಗತಿಕ ಭಾಷಾವಿಜ್ಞಾನಕ್ಕೆ ಒಂದು ಪ್ರಸಿದ್ಧ ಅಧ್ಯಾಯವನ್ನೇ ನೀಡಿದೆ. ಸಾಂಗಲಿ ಜಿಲ್ಲೆಯ ಕುಪವಾಡದಲ್ಲಿ ಜೈನರು ಮನೆಯಲ್ಲಿ ಕನ್ನಡವನ್ನೂ ಮುಸ್ಲಿಮರು ಉರ್ದುವನ್ನೂ ಆಡುತ್ತಿದ್ದರು. ಪರಸ್ಪರ ವ್ಯವಹಾರದ ಭಾಷೆ ಮರಾಠಿಯಾಗಿತ್ತು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು ಈ ಊರಿನ ಮಾತನ್ನು ಅಧ್ಯಯನ ಮಾಡಿ 1971ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಶತಮಾನಗಳ ಒಡನಾಟದಲ್ಲಿ ಈ ಭಾಷೆಗಳು ತಮ್ಮ ಪದಸಂಪತ್ತನ್ನು ಬೇರೆ ಬೇರೆಯಾಗಿ ಉಳಿಸಿಕೊಂಡರೂ ವಾಕ್ಯರಚನೆಯಲ್ಲಿ ಬಹುಮಟ್ಟಿಗೆ ಒಂದಾಗಿದ್ದವು. ಒಂದು ಭಾಷೆಯ ವಾಕ್ಯವನ್ನು ಪದಕ್ಕೆ ಪದ ಇಟ್ಟು ಇನ್ನೊಂದಕ್ಕೆ ಬದಲಾಯಿಸಬಹುದಾಗಿತ್ತು ಎಂಬುದು ಅವರ ಶೋಧನೆಯ ಸಾರ. ಭಾಷಾಸಂಪರ್ಕದ ಬಗೆಗಿನ ಪಠ್ಯಗಳಲ್ಲಿ ಇಂದಿಗೂ ಈ ಊರಿನ ಹೆಸರು ಬರುತ್ತದೆ. ಕುಪವಾಡವು 1998ರಿಂದ ಸಾಂಗಲಿ-ಮೀರಜ್ ಮಹಾನಗರಪಾಲಿಕೆಯ ಭಾಗವಾಗಿದೆ.

ಗಡಿನಾಡಿನ ಒಂದು ಊರಿನ ಮಾತಿಗೆ ಇಷ್ಟು ಮಹತ್ವವಿದ್ದರೆ, ಕರಾವಳಿಯ ಕನ್ನಡ, ವಿಜಯಪುರ-ಕಲಬುರಗಿ ಕಡೆಯ ಕನ್ನಡ, ಮೈಸೂರು ಕಡೆಯ ಕನ್ನಡ, ತುಳು, ಕೊಂಕಣಿ ಇವೆಲ್ಲ ಮರಾಠಿ, ಹಿಂದಿ, ಗುಜರಾತಿಗಳೊಡನೆ ತಲೆಮಾರುಗಳಿಂದ ಬೆರೆಯುತ್ತಿರುವ ಮುಂಬಯಿಯ ಮಾತಿಗೆ ಎಷ್ಟು ಮಹತ್ವವಿರಬೇಡ?

ಏನನ್ನು ಕಲಿಸುತ್ತಾರೆ? ಯಾರು ಸೇರಬಹುದು?

ಎಂ.ಎ. ಸಾಮಾನ್ಯವಾಗಿ 2 ವರ್ಷಗಳ, 4 ಸೆಮಿಸ್ಟರುಗಳ ಅಧ್ಯಯನ. ಮೊದಲ ವರ್ಷದಲ್ಲಿ ಧ್ವನಿವಿಜ್ಞಾನ, ಧ್ವನಿಮಾ ವಿಜ್ಞಾನ, ಪದರಚನೆ, ವಾಕ್ಯರಚನೆ, ಅರ್ಥವಿಜ್ಞಾನ ಎಂಬ ಮೂಲ ವಿಷಯಗಳಿರುತ್ತವೆ. ಅನಂತರ ಐತಿಹಾಸಿಕ ಮತ್ತು ತೌಲನಿಕ ಭಾಷಾವಿಜ್ಞಾನ, ಸಾಮಾಜಿಕ ಭಾಷಾವಿಜ್ಞಾನ, ಮನೋಭಾಷಾವಿಜ್ಞಾನ, ಗಣಕ ಭಾಷಾವಿಜ್ಞಾನ, ನಿಘಂಟುಶಾಸ್ತ್ರ, ಭಾಷಾಬೋಧನೆ ಮೊದಲಾದವುಗಳಲ್ಲಿ ಆಯ್ಕೆಯಿರುತ್ತದೆ. ಕ್ಷೇತ್ರಕಾರ್ಯವು ಈ ವಿಷಯದ ವಿಶೇಷ. ವಿದ್ಯಾರ್ಥಿಯು ಒಂದು ಭಾಷೆಯನ್ನಾಡುವವರ ಬಳಿ ಕುಳಿತು, ಅವರ ಮಾತನ್ನು ಧ್ವನಿಮುದ್ರಿಸಿ, ಅಂತಾರಾಷ್ಟ್ರೀಯ ಧ್ವನಿಲಿಪಿಯಲ್ಲಿ ಬರೆದುಕೊಂಡು, ಅದರ ವ್ಯಾಕರಣವನ್ನು ತಾನೇ ಕಂಡುಕೊಳ್ಳಬೇಕಾಗುತ್ತದೆ.

ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಯಾವುದೇ ವಿಷಯದ ಪದವೀಧರರು ಅರ್ಜಿ ಸಲ್ಲಿಸಬಹುದು. ವಾಣಿಜ್ಯ ಅಥವಾ ವಿಜ್ಞಾನದ ಪದವೀಧರರಿಗೂ ಬಾಗಿಲು ಮುಚ್ಚಿಲ್ಲ. ವಾಸ್ತವದಲ್ಲಿ ಗಣಿತದಲ್ಲಿ ಆಸಕ್ತಿಯಿರುವ ವಿದ್ಯಾರ್ಥಿಗೆ ವಾಕ್ಯರಚನೆಯ ಪಾಠಗಳು ಪ್ರಿಯವಾಗುವ ಸಂಭವವೇ ಹೆಚ್ಚು. ಕಾವ್ಯದ ರಸಾಸ್ವಾದನೆಯನ್ನು ಅಪೇಕ್ಷಿಸಿ ಬಂದವರಿಗೆ ನಿರಾಶೆಯಾದೀತು. ಪಾಠಭಾಷೆ ಸಾಮಾನ್ಯವಾಗಿ ಇಂಗ್ಲಿಷ್.

ಎಲ್ಲಿ ಓದಬಹುದು?

ಮುಂಬಯಿ ನಗರದಲ್ಲಿಯೇ ಇರುವವರಿಗೆ ಮೊದಲ ಆಯ್ಕೆ ಮುಂಬಯಿ ವಿಶ್ವವಿದ್ಯಾಲಯದ ಭಾಷಾವಿಜ್ಞಾನ ವಿಭಾಗ. ಇದು ಸಾಂತಾಕ್ರೂಜ್ ಪೂರ್ವದ ಕಲೀನಾದಲ್ಲಿರುವ ವಿದ್ಯಾನಗರಿ ಆವರಣದಲ್ಲಿದೆ. 1857ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯಕ್ಕೂ ಭಾಷಾಶಾಸ್ತ್ರಕ್ಕೂ ಹಳೆಯ ನಂಟು. ಇಲ್ಲಿಯ ವಿಲ್ಸನ್ ಭಾಷಾಶಾಸ್ತ್ರ ಉಪನ್ಯಾಸಮಾಲೆಯಲ್ಲಿ ರಾಮಕೃಷ್ಣ ಗೋಪಾಲ ಭಾಂಡಾರಕರರು 1877ರಲ್ಲಿ ನೀಡಿದ ಉಪನ್ಯಾಸಗಳು ಭಾರತೀಯರೊಬ್ಬರು ಆಧುನಿಕ ರೀತಿಯಲ್ಲಿ ನಮ್ಮ ಭಾಷೆಗಳ ಚರಿತ್ರೆಯನ್ನು ವಿವರಿಸಿದ ಆರಂಭದ ಪ್ರಯತ್ನಗಳಲ್ಲಿ ಒಂದು. ಅದೇ ವಿದ್ಯಾನಗರಿಯಲ್ಲಿ ಡಾ. ಶ್ರೀನಿವಾಸ ಹಾವನೂರ, ಡಾ. ತಾಳ್ತಜೆ ವಸಂತಕುಮಾರ ಮೊದಲಾದ ವಿದ್ವಾಂಸರು ಮುನ್ನಡೆಸಿದ ಕನ್ನಡ ವಿಭಾಗವೂ ಇದೆ. ಭಾಷಾವಿಜ್ಞಾನ ವಿಭಾಗದಲ್ಲಿ ವಿಧಾನವನ್ನು ಕಲಿತು, ಕನ್ನಡ ವಿಭಾಗದಲ್ಲಿ ಸಾಮಗ್ರಿಯನ್ನೂ ಮಾರ್ಗದರ್ಶನವನ್ನೂ ಪಡೆಯಬಹುದಾದ ಅನುಕೂಲ ಹೊರನಾಡಿನ ಕನ್ನಡ ವಿದ್ಯಾರ್ಥಿಗೆ ಬೇರೆ ಊರುಗಳಲ್ಲಿ ಸುಲಭವಾಗಿ ದೊರೆಯುವಂತಹುದಲ್ಲ.

ಎರಡನೆಯ ಆಯ್ಕೆ ಪುಣೆಯ ಯೆರವಡಾದಲ್ಲಿರುವ ಡೆಕ್ಕನ್ ಕಾಲೇಜು. 1939ರಲ್ಲಿ ಸ್ನಾತಕೋತ್ತರ ಸಂಶೋಧನ ಸಂಸ್ಥೆಯಾಗಿ ಪುನರಾರಂಭಗೊಂಡ ಇದು ಭಾರತದಲ್ಲಿ ಆಧುನಿಕ ಭಾಷಾವಿಜ್ಞಾನದ ತವರುಮನೆ ಎನ್ನಬಹುದು. ಪವಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಸಂಶೋಧನ ಮಟ್ಟದ ಅಧ್ಯಯನಕ್ಕೆ ಅವಕಾಶವಿದೆ. ಮಹಾರಾಷ್ಟ್ರದ ಹೊರಗೆ ಮೈಸೂರು ವಿಶ್ವವಿದ್ಯಾಲಯ, ಹೈದರಾಬಾದ್ ವಿಶ್ವವಿದ್ಯಾಲಯ, ಉಸ್ಮಾನಿಯಾ ವಿಶ್ವವಿದ್ಯಾಲಯ, ಅಣ್ಣಾಮಲೈ ವಿಶ್ವವಿದ್ಯಾಲಯ, ದೆಹಲಿ ವಿಶ್ವವಿದ್ಯಾಲಯ, ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ, ಬನಾರಸ್ ಹಿಂದೂ ವಿಶ್ವವಿದ್ಯಾಲಯ ಇವು ಹೆಸರಾದ ಕೇಂದ್ರಗಳು. ದೆಹಲಿ, ಹೈದರಾಬಾದ್, ಬನಾರಸಿನಂತಹ ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ 2022ರಲ್ಲಿ ಆರಂಭವಾದ ಸ್ನಾತಕೋತ್ತರ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ಬರೆಯಬೇಕಾಗುತ್ತದೆ. ಅರ್ಜಿಯ ದಿನಾಂಕ ಮತ್ತು ಶುಲ್ಕಗಳು ವರ್ಷಕ್ಕೊಮ್ಮೆ ಬದಲಾಗುವುದರಿಂದ ಆಯಾ ವಿಶ್ವವಿದ್ಯಾಲಯದ ಪ್ರಕಟಣೆಯನ್ನೇ ನೋಡಿಕೊಳ್ಳುವುದು ಉತ್ತಮ.

ನಮ್ಮವರು ನಡೆದ ದಾರಿ

ಈ ದಾರಿ ನಮಗೆ ಹೊಸದೇನಲ್ಲ. ಡೆಕ್ಕನ್ ಕಾಲೇಜನ್ನು ದೀರ್ಘಕಾಲ ನಿರ್ದೇಶಕರಾಗಿ ಕಟ್ಟಿದ ಡಾ. ಸುಮಿತ್ರ ಮಂಗೇಶ ಕತ್ರೆಯವರು ಕೊಂಕಣಿಯ ಚಾರಿತ್ರಿಕ ಬೆಳವಣಿಗೆಯನ್ನು ಕುರಿತು ಗ್ರಂಥ ರಚಿಸಿದವರು. ಮೈಸೂರಿನಲ್ಲಿ ಜನಿಸಿದ ಎ.ಕೆ. ರಾಮಾನುಜನ್ ಅವರನ್ನು ಕವಿಯೆಂದೂ ವಚನಗಳ ಅನುವಾದಕರೆಂದೂ ನಾವೆಲ್ಲ ಬಲ್ಲೆವು. ಅವರು ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನವನ್ನು ಅಭ್ಯಸಿಸಿ, ಕನ್ನಡ ವ್ಯಾಕರಣವನ್ನು ಕುರಿತ ಪ್ರಬಂಧಕ್ಕಾಗಿ 1963ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದರು ಎಂಬುದು ಅಷ್ಟಾಗಿ ತಿಳಿದ ಸಂಗತಿಯಲ್ಲ.

ಡಾ. ಡಿ.ಎನ್. ಶಂಕರ ಭಟ್ಟರು ಪುಣೆಯಲ್ಲಿ ತುಳುವಿನ ವರ್ಣನಾತ್ಮಕ ವ್ಯಾಕರಣವನ್ನು ಸಿದ್ಧಪಡಿಸಿದರು. ಅದು 1967ರಲ್ಲಿ ಪ್ರಕಟವಾಯಿತು. 1971ರಲ್ಲಿ ಕೊರಗರ ಭಾಷೆಯನ್ನು ಕುರಿತ ಅವರ ಪುಸ್ತಕ ಹೊರಬಂದಿತು. ಮುಂದೆ ಜಗತ್ತಿನ ನೂರಾರು ಭಾಷೆಗಳನ್ನು ಹೋಲಿಸಿ ಅವರು ಬರೆದ ಗ್ರಂಥಗಳು ಆಮ್‌ಸ್ಟರ್‌ಡ್ಯಾಮ್, ಆಕ್ಸ್‌ಫರ್ಡ್‌ಗಳಿಂದ ಪ್ರಕಟಗೊಂಡವು. ಕನ್ನಡ ಬರೆಹದ ಬಗ್ಗೆ ಅವರು ಮಂಡಿಸಿದ ವಿಚಾರಗಳನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಅವರ ವಿದ್ವತ್ತಿನ ಬಗ್ಗೆ ಎರಡು ಮಾತಿಲ್ಲ.

ತುಳುನಾಡಿನವರೇ ಆದ ಡಾ. ಯು.ಪಿ. ಉಪಾಧ್ಯಾಯರು ಆಫ್ರಿಕದ ಸೆನೆಗಲ್ ದೇಶದ ಡಕಾರ್ ವಿಶ್ವವಿದ್ಯಾಲಯದಲ್ಲಿಯೂ ಕೆಲಸ ಮಾಡಿ ಹಿಂದಿರುಗಿದವರು. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಿಂದ 1988ರಿಂದ 1997ರವರೆಗೆ 6 ಸಂಪುಟಗಳಲ್ಲಿ ಪ್ರಕಟವಾದ ತುಳು ನಿಘಂಟು ಅವರ ಸಂಪಾದಕತ್ವದ ಫಲ. ಹಳ್ಳಿಹಳ್ಳಿಗಳಿಂದ ಪದಗಳನ್ನು ಕಲೆಹಾಕಿ ಪ್ರಾದೇಶಿಕ, ಸಾಮಾಜಿಕ ಭೇದಗಳೊಡನೆ ದಾಖಲಿಸಿದ ಆ ಕೆಲಸವು ಭಾಷಾವಿಜ್ಞಾನದ ತರಬೇತಿಯಿಲ್ಲದೆ ಸಾಧ್ಯವಾಗುತ್ತಿರಲಿಲ್ಲ. ಉಪಾಧ್ಯಾಯರು 2020ರಲ್ಲಿ ನಿಧನರಾದರು, ನಿಘಂಟು ಉಳಿದಿದೆ.

ಉದ್ಯೋಗದ ದಾರಿಗಳು

ಇನ್ನು ಎರಡನೆಯ ಪ್ರಶ್ನೆ. ಇದಕ್ಕೆ ಪ್ರಾಮಾಣಿಕವಾದ ಉತ್ತರವೆಂದರೆ, ಭಾಷಾವಿಜ್ಞಾನದ ಎಂ.ಎ. ಪದವಿಯೊಂದೇ ಉದ್ಯೋಗವನ್ನು ಕೈಗೆ ತಂದುಕೊಡುವುದಿಲ್ಲ. ಅದರೊಡನೆ ಇನ್ನೊಂದು ಕೌಶಲವೂ, ಓದಲು ಬರೆಯಲು ಬರುವ ಒಂದು ಭಾರತೀಯ ಭಾಷೆಯೂ ಸೇರಿದಾಗ ದಾರಿಗಳು ತೆರೆಯುತ್ತವೆ. ಅವುಗಳಲ್ಲಿ ಮುಖ್ಯವಾದವು ಇವು.

ಮೊದಲನೆಯದು ಅಧ್ಯಾಪನ ಮತ್ತು ಸಂಶೋಧನೆ. ವಿಶ್ವವಿದ್ಯಾಲಯ ಅನುದಾನ ಆಯೋಗದ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಭಾಷಾವಿಜ್ಞಾನವು ಸ್ವತಂತ್ರ ವಿಷಯವಾಗಿದೆ. ಸಾಮಾನ್ಯ ವರ್ಗದವರಿಗೆ ಎಂ.ಎ.ಯಲ್ಲಿ ಶೇ. 55 ಅಂಕಗಳು ಅವಶ್ಯ. ಕಿರಿಯ ಸಂಶೋಧನ ವೇತನಕ್ಕೆ ಆಯ್ಕೆಯಾದವರಿಗೆ 2023ರ ಜನವರಿಯಿಂದ ಜಾರಿಗೆ ಬಂದ ಪರಿಷ್ಕರಣೆಯಂತೆ ತಿಂಗಳಿಗೆ 37,000 ರೂಪಾಯಿ ನಿಗದಿಯಾಯಿತು. ಆದರೆ ದೇಶದಲ್ಲಿ ಭಾಷಾವಿಜ್ಞಾನ ವಿಭಾಗಗಳ ಸಂಖ್ಯೆ ಕಡಿಮೆ. ಖಾಯಂ ಹುದ್ದೆಗಳು ಇನ್ನೂ ಕಡಿಮೆ. ಕಾಯುವ ತಾಳ್ಮೆಯೂ ಊರು ಬಿಡುವ ಸಿದ್ಧತೆಯೂ ಇದ್ದವರಿಗೆ ಇದು ಸೂಕ್ತ.

ಎರಡನೆಯದು ಭಾಷಾ ಸಂಸ್ಥೆಗಳು. ಮೈಸೂರಿನಲ್ಲಿ 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನವು ಭಾಷಾಬೋಧನೆ, ಧ್ವನಿ ಮತ್ತು ಪಠ್ಯ ಸಂಗ್ರಹ, ಅಳಿವಿನಂಚಿನ ಭಾಷೆಗಳ ದಾಖಲೀಕರಣ, ರಾಷ್ಟ್ರೀಯ ಅನುವಾದ ಮಿಷನ್ ಮೊದಲಾದ ಯೋಜನೆಗಳನ್ನು ನಡೆಸಿಕೊಂಡು ಬಂದಿದೆ. ಇಲ್ಲಿ ಯೋಜನಾಧಾರಿತ ಹುದ್ದೆಗಳೇ ಹೆಚ್ಚು. ಡೆಕ್ಕನ್ ಕಾಲೇಜಿನಲ್ಲಿ 1948ರಲ್ಲಿ ಆರಂಭವಾದ ಸಂಸ್ಕೃತ ಮಹಾನಿಘಂಟಿನ ಕೆಲಸ ತಲೆಮಾರುಗಳ ವಿದ್ವಾಂಸರಿಗೆ ಕೆಲಸ ಕೊಟ್ಟಿದೆ. ಜನಗಣತಿಯಲ್ಲಿಯೂ ಭಾಷಾವಿಜ್ಞಾನಿಗಳ ಪಾತ್ರವಿದೆ. 2011ರ ಜನಗಣತಿಯಲ್ಲಿ ಜನರು ಬರೆಸಿದ ಮಾತೃಭಾಷೆಯ ಹೆಸರುಗಳು 19,569. ಅವುಗಳನ್ನು ಪರಿಶೀಲಿಸಿ 1,369 ಮಾತೃಭಾಷೆಗಳಾಗಿ, ಅನಂತರ 10,000ಕ್ಕಿಂತ ಹೆಚ್ಚು ಜನರಾಡುವ 121 ಭಾಷೆಗಳಾಗಿ ವಿಂಗಡಿಸಲಾಯಿತು. ಆ ಪಟ್ಟಿಯಲ್ಲಿ ತುಳುವನ್ನಾಡುವವರು 18,46,427 ಮಂದಿ. ಯಾವ ನುಡಿಯನ್ನು ಯಾವ ಭಾಷೆಯಡಿ ಸೇರಿಸಬೇಕು ಎಂಬ ತೀರ್ಮಾನದ ಹಿಂದೆ ಭಾಷಾಶಾಸ್ತ್ರೀಯ ವಿವೇಚನೆ ಬೇಕು. ಅದರ ಪರಿಣಾಮವು ಒಂದು ಜನಸಮುದಾಯದ ಮಾನ್ಯತೆಯ ಮೇಲೆಯೇ ಆಗುತ್ತದೆ.

ಮೂರನೆಯದು ಭಾಷಾ ತಂತ್ರಜ್ಞಾನ. ಮುಂಬಯಿಯ ವಿದ್ಯಾರ್ಥಿಗಳಿಗೆ ಇದು ಸಮೀಪದ ಕ್ಷೇತ್ರ. ಪವಯಿಯ ತಂತ್ರಜ್ಞಾನ ಸಂಸ್ಥೆಯ ಭಾರತೀಯ ಭಾಷಾ ತಂತ್ರಜ್ಞಾನ ಕೇಂದ್ರದಲ್ಲಿ ಪ್ರೊ. ಪುಷ್ಪಕ್ ಭಟ್ಟಾಚಾರ್ಯರ ನೇತೃತ್ವದಲ್ಲಿ ಹಿಂದಿ ಮತ್ತು ಮರಾಠಿ ಪದಜಾಲಗಳು ರೂಪುಗೊಂಡವು. ಸಮಾನಾರ್ಥಕ ಪದಗಳನ್ನು ಗುಂಪುಗೂಡಿಸಿ, ಅರ್ಥಸಂಬಂಧಗಳ ಮೂಲಕ ಹೆಣೆದ ನಿಘಂಟೇ ಪದಜಾಲ. ಭಾರತೀಯ ಭಾಷೆಗಳ ಪದಜಾಲಗಳನ್ನು ಜೋಡಿಸುವ ಯೋಜನೆಯಲ್ಲಿ ಕನ್ನಡವೂ ಸೇರಿದೆ. ಅದೇ ಸಂಸ್ಥೆಯಲ್ಲಿ 2021ರಲ್ಲಿ ಆರಂಭವಾದ ಉಡಾನ್ ಯೋಜನೆ ಪಠ್ಯಪುಸ್ತಕಗಳ ಯಂತ್ರಾನುವಾದಕ್ಕೆ ಸಂಬಂಧಿಸಿದ್ದು. ಕೇಂದ್ರ ಸರಕಾರವು 2022ರಲ್ಲಿ ಭಾಷಿಣಿ ಎಂಬ ಯೋಜನೆಗೆ ಚಾಲನೆ ನೀಡಿತು. ಗೂಗಲ್ ಅನುವಾದ ಸೇವೆಗೆ ಕನ್ನಡ 2011ರಲ್ಲಿ, ಕೊಂಕಣಿ 2022ರಲ್ಲಿ, ತುಳು 2024ರಲ್ಲಿ ಸೇರ್ಪಡೆಯಾದವು. ತುಳು-ತಿಗಳಾರಿ ಲಿಪಿಯು 2024ರ ಸೆಪ್ಟೆಂಬರಿನಲ್ಲಿ ಯುನಿಕೋಡಿನಲ್ಲಿ ಸ್ಥಾನ ಪಡೆಯಿತು.

ಇಂಥ ಕೆಲಸಗಳಲ್ಲಿ ಇಂಜಿನಿಯರರೊಡನೆ ಭಾಷೆಯ ರಚನೆಯನ್ನು ಬಲ್ಲವರೂ ಬೇಕಾಗುತ್ತಾರೆ. ಪಠ್ಯವನ್ನು ವ್ಯಾಕರಣದ ದೃಷ್ಟಿಯಿಂದ ಗುರುತುಹಾಕುವುದು, ಉಚ್ಚಾರಣಾ ನಿಘಂಟು ತಯಾರಿಸುವುದು, ಯಂತ್ರದ ಅನುವಾದದ ಗುಣಮಟ್ಟವನ್ನು ಅಳೆಯುವುದು ಇತ್ಯಾದಿ ಕೆಲಸಗಳಿವೆ. ಎಚ್ಚರಿಕೆಯ ಮಾತೂ ಅವಶ್ಯ. ಕೇವಲ ಗುರುತುಹಾಕುವ ಕೆಲಸಕ್ಕೆ ಸಂಬಳ ಕಡಿಮೆ, ಅವಧಿಯೂ ತಾತ್ಕಾಲಿಕ. ಈಚಿನ ಯಂತ್ರಗಳು ವ್ಯಾಕರಣದ ನಿಯಮಗಳಿಗಿಂತ ಅಪಾರ ಪಠ್ಯರಾಶಿಯನ್ನು ಅವಲಂಬಿಸುತ್ತವೆ. ಆದುದರಿಂದ ಪೈಥಾನಿನಂತಹ ಪ್ರೋಗ್ರಾಮಿಂಗ್ ಭಾಷೆಯನ್ನೂ ಸಂಖ್ಯಾಶಾಸ್ತ್ರದ ಮೂಲಪಾಠಗಳನ್ನೂ ಕಲಿತವನಿಗೆ ಮಾತ್ರ ಮೇಲಿನ ಹಂತದ ಹುದ್ದೆಗಳು ದೊರೆಯುತ್ತವೆ. ಆದರೆ ಪಠ್ಯರಾಶಿ ಕಡಿಮೆಯಿರುವ ತುಳು, ಕೊಂಕಣಿ, ಕೊಡವ ಭಾಷೆಗಳಿಗೆ ಭಾಷಾವಿಜ್ಞಾನಿಯ ನೆರವು ಇಂದಿಗೂ ಅನಿವಾರ್ಯ.

ನಾಲ್ಕನೆಯದು ಅನುವಾದ, ಉಪಶೀರ್ಷಿಕೆ ಮತ್ತು ಧ್ವನಿದಾನ. ಚಲನಚಿತ್ರ, ಜಾಹೀರಾತು, ದೂರದರ್ಶನಗಳ ನಗರವಾದ ಮುಂಬಯಿಯಲ್ಲಿ ಕನ್ನಡಕ್ಕೆ ಅನುವಾದಿಸುವವರಿಗೆ ಕೆಲಸವಿದೆ. ಯಂತ್ರವು ಮೊದಲ ಕರಡನ್ನು ಸಿದ್ಧಪಡಿಸಿ ಮನುಷ್ಯನು ಅದನ್ನು ತಿದ್ದುವ ಪದ್ಧತಿ ಹೆಚ್ಚುತ್ತಿರುವುದರಿಂದ, ತಪ್ಪು ಎಲ್ಲಿದೆ ಮತ್ತು ಏಕೆ ಎಂದು ತಿಳಿಸಬಲ್ಲವರಿಗೆ ಬೇಡಿಕೆಯಿರುತ್ತದೆ. ಇಲ್ಲಿ ಪದವಿಗಿಂತ ಕನ್ನಡ ಬರವಣಿಗೆಯ ಹಿಡಿತವೇ ಮುಖ್ಯ.

ಐದನೆಯದು ಶಿಕ್ಷಣ. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿಯಾದ ಬಾಲಭಾರತಿಯು ಕನ್ನಡ ಮಾಧ್ಯಮದ ಮಕ್ಕಳಿಗೂ ಪುಸ್ತಕಗಳನ್ನು ಪ್ರಕಟಿಸುತ್ತಾ ಬಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರಂಭದ ಹಂತದಲ್ಲಿ ಮಾತೃಭಾಷೆಗೆ ಒತ್ತು ನೀಡಿದೆ. ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಭಾಷೆಯಾಡುವ ಮಗುವಿಗೆ ಓದು ಕಲಿಸುವ ವಿಧಾನವನ್ನು ರೂಪಿಸಲು ಭಾಷಾವಿಜ್ಞಾನದ ತಿಳಿವಳಿಕೆ ಬಹಳ ಪ್ರಯೋಜನಕಾರಿ. ಶಾಲಾ ಅಧ್ಯಾಪನಕ್ಕೆ ಬಿ.ಎಡ್. ಪ್ರತ್ಯೇಕವಾಗಿ ಬೇಕಾಗುತ್ತದೆ.

ತಪ್ಪು ತಿಳಿವಳಿಕೆಗಳು

ಕೆಲವು ವಿಷಯಗಳಲ್ಲಿ ಪಾಲಕರು ಎಚ್ಚರ ವಹಿಸಬೇಕು. ಭಾಷಾವಿಜ್ಞಾನದ ಎಂ.ಎ. ಮಾಡಿದವರು ವಾಕ್ ಚಿಕಿತ್ಸಕರಾಗಲು ಬರುವುದಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯಿರುವ ವಾಕ್ ಮತ್ತು ಶ್ರವಣ ಪದವಿಯೂ ನೋಂದಣಿಯೂ ಕಡ್ಡಾಯ. ಆ ಪದವಿಗೆ ಹನ್ನೆರಡನೆಯ ತರಗತಿಯಲ್ಲಿ ವಿಜ್ಞಾನ ವಿಷಯಗಳಿರಬೇಕು. ಬಾಂದ್ರಾ ರಿಕ್ಲಮೇಶನಿನಲ್ಲಿ 1983ರಲ್ಲಿ ಆರಂಭವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದ ಪ್ರಮುಖ ಕೇಂದ್ರಗಳು. ಈ ದಾರಿಯಲ್ಲಿ ಆಸಕ್ತಿಯಿದ್ದರೆ ನಿರ್ಧಾರವನ್ನು ಹತ್ತನೆಯ ತರಗತಿ ಮುಗಿದಾಗಲೇ ಕೈಗೊಳ್ಳಬೇಕು. ಬಾಂದ್ರಾದ ಸಂಸ್ಥೆಯು ಭಾರತೀಯ ಸಂಜ್ಞಾಭಾಷೆಯ ದುಭಾಷಿಗಳಿಗೂ ತರಬೇತಿ ನೀಡುತ್ತಾ ಬಂದಿದೆ. ಸಂಜ್ಞಾಭಾಷೆಯೂ ತನ್ನದೇ ವ್ಯಾಕರಣವುಳ್ಳ ಪೂರ್ಣ ಭಾಷೆಯೆಂಬುದನ್ನು ಭಾಷಾವಿಜ್ಞಾನವೇ ತೋರಿಸಿಕೊಟ್ಟಿತು.

ಹಾಗೆಯೇ ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯಲ್ಲಿ ಭಾಷಾವಿಜ್ಞಾನವು ಐಚ್ಛಿಕ ವಿಷಯವಲ್ಲ. ಆದರೆ ಕನ್ನಡ ಸಾಹಿತ್ಯ ಐಚ್ಛಿಕ ವಿಷಯವಾಗಿದ್ದು, ಅದರ ಮೊದಲ ಪತ್ರಿಕೆಯಲ್ಲಿ ಕನ್ನಡ ಭಾಷೆಯ ಚರಿತ್ರೆ, ದ್ರಾವಿಡ ಭಾಷಾವರ್ಗ, ಉಪಭಾಷೆಗಳು, ಧ್ವನಿ ಮತ್ತು ಅರ್ಥವ್ಯತ್ಯಾಸಗಳ ಕುರಿತ ಭಾಗವಿದೆ. ಭಾಷಾವಿಜ್ಞಾನ ಓದಿದ ಕನ್ನಡ ವಿದ್ಯಾರ್ಥಿಗೆ ಇದು ಪರಿಚಿತ ನೆಲ.

ವಿದ್ಯಾರ್ಥಿಗಳು ಈಗಲೇ ಮಾಡಬಹುದಾದ ಸಿದ್ಧತೆ

ಈ ವಿಷಯ ತನಗೆ ಒಗ್ಗುವುದೇ ಎಂದು ಪರೀಕ್ಷಿಸಿಕೊಳ್ಳಲು ಹಣ ವ್ಯಯಿಸಬೇಕಾಗಿಲ್ಲ. ಸ್ವಯಂ ಎಂಬ ಸರಕಾರಿ ಅಂತರ್ಜಾಲ ವೇದಿಕೆಯಲ್ಲಿ ತಂತ್ರಜ್ಞಾನ ಸಂಸ್ಥೆಗಳ ಅಧ್ಯಾಪಕರ ಭಾಷಾವಿಜ್ಞಾನದ ಪಾಠಗಳು ಉಚಿತವಾಗಿ ದೊರೆಯುತ್ತವೆ. ಧ್ವನಿಯನ್ನು ವಿಶ್ಲೇಷಿಸುವ ಪ್ರಾಟ್ ಎಂಬ ತಂತ್ರಾಂಶವೂ ಉಚಿತ. ಶಾಲಾ ವಿದ್ಯಾರ್ಥಿಗಳಿಗಾಗಿ ಅಂತಾರಾಷ್ಟ್ರೀಯ ಭಾಷಾವಿಜ್ಞಾನ ಒಲಿಂಪಿಯಾಡ್ ನಡೆಯುತ್ತದೆ. 2016ರಲ್ಲಿ ಅದು ನಮ್ಮ ಮೈಸೂರಿನಲ್ಲಿಯೇ ನಡೆದಿತ್ತು. ಭಾರತದಲ್ಲಿ ಅದಕ್ಕೆ ಆಯ್ಕೆ ನಡೆಯುವುದು ಪಾಣಿನಿಯ ಹೆಸರಿನ ಒಲಿಂಪಿಯಾಡ್ ಮೂಲಕ. ಅಪರಿಚಿತ ಭಾಷೆಯ ಕೆಲವು ವಾಕ್ಯಗಳನ್ನು ನೋಡಿ ಅದರ ನಿಯಮವನ್ನು ಕಂಡುಹಿಡಿಯುವ ಈ ಲೆಕ್ಕಗಳಲ್ಲಿ ಮಗುವಿಗೆ ಸಂತೋಷ ದೊರೆತರೆ, ಅದನ್ನು ಶುಭಸೂಚನೆಯೆಂದೇ ತಿಳಿಯಬಹುದು.

ಇವೆಲ್ಲಕ್ಕಿಂತ ಮುಖ್ಯವಾದ ಸಿದ್ಧತೆಯೆಂದರೆ ಕನ್ನಡವನ್ನು ಓದಲು, ಬರೆಯಲು ಕಲಿಯುವುದು. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಮಾತನಾಡಬಲ್ಲ, ಆದರೆ ಕನ್ನಡ ಅಕ್ಷರಗಳನ್ನು ಓದಲಾರದ ತರುಣರು ನಮ್ಮಲ್ಲಿ ಅನೇಕರಿದ್ದಾರೆ. ತಂತ್ರಜ್ಞಾನ ಸಂಸ್ಥೆಯಾಗಲಿ ಅನುವಾದ ಕಚೇರಿಯಾಗಲಿ ಕೇಳುವುದು ಲಿಪಿಸಹಿತವಾದ ಭಾಷಾಜ್ಞಾನವನ್ನೇ. ಹಿಂದೆ ಭಾವನೆಯ ಕಾರಣಕ್ಕಾಗಿ ಮಕ್ಕಳಿಗೆ ಕನ್ನಡ ಕಲಿಸಿರೆಂದು ಹಿರಿಯರು ಹೇಳುತ್ತಿದ್ದರು. ಇಂದು ಅದಕ್ಕೆ ವೃತ್ತಿಯ ಕಾರಣವೂ ಸೇರಿಕೊಂಡಿದೆ.

ಕಾಲ ಕಾಯುವುದಿಲ್ಲ

ಯುನೆಸ್ಕೊ 2010ರಲ್ಲಿ ಪ್ರಕಟಿಸಿದ ಅಪಾಯದಲ್ಲಿರುವ ಭಾಷೆಗಳ ಭೂಪಟದಲ್ಲಿ ತುಳುವನ್ನು ದುರ್ಬಲ ಸ್ಥಿತಿಯಲ್ಲಿರುವ ಭಾಷೆಗಳ ಸಾಲಿನಲ್ಲಿಯೂ ಕೊರಗ ಭಾಷೆಯನ್ನು ನಿಶ್ಚಿತವಾಗಿ ಅಪಾಯದಲ್ಲಿರುವ ಭಾಷೆಗಳ ಸಾಲಿನಲ್ಲಿಯೂ ಗುರುತಿಸಲಾಗಿದೆ. ಕನ್ನಡಕ್ಕೆ 2008ರಲ್ಲಿ ಶಾಸ್ತ್ರೀಯ ಸ್ಥಾನಮಾನ ದೊರೆತಿದೆ. ಸಾವಿರಾರು ಶಾಸನಗಳೂ ಗ್ರಂಥಗಳೂ ಅದನ್ನು ಕಾಯುತ್ತವೆ. ಆದರೆ ಮುಂಬಯಿಯ ಕನ್ನಡ, ಮುಂಬಯಿಯ ತುಳು ಎಂಬ ನುಡಿಗಳಿಗೆ ಶಾಸನಗಳ ಕಾವಲಿಲ್ಲ. ಹದಿಹರೆಯದಲ್ಲಿ ಊರುಬಿಟ್ಟು ಬಂದು, ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ತಲೆಮಾರಿನ ಮಾತಿನಲ್ಲಿ ಊರಿನ ಹಳೆಯ ಪದಗಳೂ ಈ ನಗರದ ಹೊಸ ಪದಗಳೂ ಒಟ್ಟಿಗಿವೆ. ಅಡುಗೆಮನೆ, ಕೃಷಿ, ದೈವಾರಾಧನೆ, ಸಂಬಂಧವಾಚಕಗಳಿಗೆ ಸೇರಿದ ಅನೇಕ ಪದಗಳು ಮೂರನೆಯ ತಲೆಮಾರಿಗೆ ದಾಟುತ್ತಿಲ್ಲ. ಆ ಹಿರಿಯರು ನಮ್ಮ ನಡುವೆ ಇರುವಾಗಲೇ ಅವರ ಮಾತು ಧ್ವನಿಮುದ್ರಣಗೊಂಡು, ವಿಶ್ಲೇಷಣೆಗೊಂಡು ಉಳಿಯಬೇಕು. ಹೊರಗಿನಿಂದ ಬರುವ ಸಂಶೋಧಕನಿಗೆ ಅವರ ಮನೆಯ ಬಾಗಿಲು ತೆರೆಯಲು ವರ್ಷಗಳು ಬೇಕು. ಮೊಮ್ಮಗಳಿಗೆ ಬೇಕಾದುದು ಒಂದು ಮಧ್ಯಾಹ್ನ ಮತ್ತು ಸರಿಯಾದ ತರಬೇತಿ.

ಮಾಟುಂಗದಲ್ಲಿ 1926ರಿಂದ ಮೈಸೂರು ಅಸೋಸಿಯೇಶನ್, 1933ರಿಂದ ಕರ್ನಾಟಕ ಸಂಘ ಕೆಲಸ ಮಾಡುತ್ತಾ ಬಂದಿರುವ ಈ ನಗರದಲ್ಲಿ ನಮ್ಮ ಸಂಘ-ಸಂಸ್ಥೆಗಳು ಪ್ರತಿವರ್ಷ ಅನೇಕ ವಿದ್ಯಾರ್ಥಿವೇತನಗಳನ್ನು ವಿತರಿಸುತ್ತವೆ. ಅವುಗಳಲ್ಲಿ ಒಂದನ್ನು, ನಮ್ಮ ಹಿರಿಯರ ನುಡಿಯನ್ನು ಪ್ರಬಂಧದ ವಿಷಯವಾಗಿ ಆರಿಸಿಕೊಳ್ಳುವ ಭಾಷಾವಿಜ್ಞಾನದ ವಿದ್ಯಾರ್ಥಿಗೆ ಮೀಸಲಿಟ್ಟರೆ ಅದು ದೂರಗಾಮಿ ಫಲ ನೀಡಬಲ್ಲದು. ಎಲ್ಲ ಮಕ್ಕಳೂ ಈ ವಿಷಯವನ್ನು ಓದಬೇಕೆಂದೇನೂ ಇಲ್ಲ. ಆದರೆ ಮಾತಿನ ರಚನೆಯ ಬಗ್ಗೆ ಕುತೂಹಲವಿರುವ, ತಾಳ್ಮೆಯುಳ್ಳ, ಇನ್ನೊಂದು ಕೌಶಲವನ್ನು ಜೊತೆಗೂಡಿಸಿಕೊಳ್ಳಲು ಸಿದ್ಧವಿರುವ ಮಗನೋ ಮಗಳೋ ಮುಂದಿನ ಪ್ರವೇಶದ ಕಾಲದಲ್ಲಿ ಭಾಷಾವಿಜ್ಞಾನದ ಹೆಸರನ್ನೆತ್ತಿದರೆ ಪಾಲಕರು ಕೂಡಲೇ ಬೇಡವೆನ್ನದೆ, ಕಲೀನಾದ ವಿಭಾಗಕ್ಕೆ ಒಮ್ಮೆ ಜೊತೆಯಾಗಿ ಹೋಗಿ ವಿಚಾರಿಸಿ ಬರಲಿ.